ಉಪ್ಪಿನ ಬಟ್ಟಲಿನ ಮೇಷ್ಟ್ರು

ಹೋದ ತಿಂಗಳು ಹಬ್ಬಕ್ಕೆಂದು ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದ ನನ್ನ ಹೆಂಡತಿ, ಅಂಗೈಯಷ್ಟಗಲದ ಒಂದು ಸ್ಟೀಲ್ ಬಟ್ಟಲನ್ನು ಎತ್ತಿ ಹಿಡಿದು, “ಇದು ಯಾರ ಮನೇದು ರೀ? ನಮ್ಮದಂತೂ ಅಲ್ಲ” ಎಂದಳು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ‘ಹ. ಗು.’ ಎಂದು ಕೆತ್ತಿತ್ತು. ಹದಿನಾರು ಎಂಬ ಊರಿನ ಗುರುಮಲ್ಲಪ್ಪ, ಎಂದರೆ ನನ್ನ ಸೋದರಮಾವ.

“ಮೇ ತಿಂಗಳಲ್ಲಿ ನರಸೀಪುರದ ಮದುವೆಯಿಂದ ಬಂದಿರಬೇಕು” ಎಂದೆ.

“ಮದುವೆಗೆ ಹೋದವರು ತಾಂಬೂಲದ ಚೀಲ ತರ್ತಾರೆ. ಬಟ್ಟಲು ಹೊತ್ಕೊಂಡು ಬರೋ ಮೇಷ್ಟ್ರು ಇಡೀ ನಂಜನಗೂಡಿಗೆ ನೀವೊಬ್ಬರೇ ಇರಬೇಕು.”

ನಮ್ಮ ಮನೆಯಲ್ಲಿ ಯಾವ ಪಾತ್ರೆಯ ಮೇಲೆ ಯಾರ ಹೆಸರಿದೆ ಎನ್ನುವುದು ಆಕೆಗೆ ಬಾಯಿಪಾಠ. ನನಗೆ ಅದು ಗೊತ್ತಿಲ್ಲ. ಆದರೆ ಈ ಬಟ್ಟಲೊಂದನ್ನು ಮಾತ್ರ ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯಬಲ್ಲೆ. ಅದು ಉಪ್ಪಿನ ಬಟ್ಟಲು. ಚಿಕ್ಕಂದಿನಿಂದ ನೆಂಟರಿಷ್ಟರ ಮನೆಯ ಯಾವ ಮದುವೆ, ಯಾವ ನಾಮಕರಣವೇ ಆಗಲಿ, ಪಂಕ್ತಿಯಲ್ಲಿ ಎಲೆ ಹಾಕಿದ ಕೂಡಲೇ ಆ ಬಟ್ಟಲು ನನ್ನ ಕೈಗೆ ಬರುತ್ತಿತ್ತು. ಜೊತೆಯವರೆಲ್ಲ ಪಲ್ಯಕ್ಕೆ, ಅನ್ನಕ್ಕೆ, ಪಾಯಸಕ್ಕೆ ಬಡ್ತಿ ಪಡೆದರು. ಕೆಲವರು ತೀರಿಯೂ ಹೋದರು. ನಾನು ತಲೆ ನರೆತರೂ ಉಪ್ಪಿನಲ್ಲೇ ಉಳಿದೆ.

ಪಂಕ್ತಿಯಲ್ಲಿ ಯಾರು ಏನು ಬಡಿಸಬೇಕೆಂದು ನಿರ್ಧರಿಸುವವನು ನಮ್ಮ ಗುರುಮಲ್ಲಪ್ಪ ಮಾವ. ಅದು ಯಾರೂ ಕೊಟ್ಟ ಅಧಿಕಾರವಲ್ಲ, ತಾನೇ ತೆಗೆದುಕೊಂಡದ್ದು. ಊಟದ ಮನೆಯ ಬಾಗಿಲಲ್ಲಿ ಪಂಚೆ ಎತ್ತಿಕಟ್ಟಿ ನಿಂತು, ಒಳಗೆ ಬರುವ ಹುಡುಗರನ್ನು ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡುತ್ತಿದ್ದ. ನಡಿಗೆ ನೋಡುತ್ತಿದ್ದ, ಕೈ ನೋಡುತ್ತಿದ್ದ, ಗಂಟಲು ಕೇಳುತ್ತಿದ್ದ. ಆಮೇಲೆ ತೀರ್ಪು: “ನೀನು ಅನ್ನಕ್ಕೋಗು. ನೀನು ಸಾರು. ಏಯ್ ಜುಗ್ಗ, ನೀನು ತುಪ್ಪ ತಕ್ಕೊ.” ಜಿಪುಣನ ಕೈಗೆ ತುಪ್ಪ, ಧಾರಾಳಿಯ ಕೈಗೆ ಅನ್ನ, ದೊಡ್ಡ ಗಂಟಲಿನವನಿಗೆ ಸಾರಿನ ಬಕೆಟ್ಟು. ಇದು ಮಾವನ ಶಾಸ್ತ್ರ. ತುಪ್ಪಕ್ಕೆ ನೇಮಕವಾದ ನಮ್ಮ ದೊಡ್ಡಪ್ಪನ ಮಗ ಈಗ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿದ್ದಾನೆ. ಅಲ್ಲೂ ತುಪ್ಪದ ಮಿಳ್ಳೆಯ ತುದಿಯಲ್ಲೇ ಬಡಿಸುತ್ತಾನೆ ಎಂದು ಜನ ಹೇಳುತ್ತಾರೆ.

ಹಾಗೆಂದು ಮಾವ ತಪ್ಪೇ ಮಾಡುತ್ತಿರಲಿಲ್ಲ ಎಂದುಕೊಳ್ಳಬೇಡಿ. ಒಮ್ಮೆ ಶಿವಣ್ಣ ಎಂಬ ಇನ್ನೊಬ್ಬ ಸೋದರಳಿಯನಿಗೆ, ಹುಡುಗ ಗಂಭೀರ ಎಂದು ಪಾಯಸ ವಹಿಸಿದ. ಆ ಗಂಭೀರ ಹುಡುಗ ತನಗೆ ಹೆಣ್ಣು ಕೊಡಲಿದ್ದ ಮನೆಯವರು ಕೂತ ಸಾಲಿಗೇ ಕೊಳಗದ ಪಾಯಸವನ್ನೆಲ್ಲ ಸುರಿದು ಬಂದ. ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಎನ್ನುವ ಗಾದೆಯನ್ನು ನಾವೆಲ್ಲ ಅವತ್ತು ಕಣ್ಣಾರೆ ಕಂಡೆವು. ಉಳಿದ ಬೀಗರು ಪಾಯಸವಿಲ್ಲದ ಮದುವೆ ಎಂದು ಊರೂರಲ್ಲಿ ಆಡಿಕೊಂಡರು. ಆದರೆ ಮಾವನ ಆತ್ಮವಿಶ್ವಾಸ ಅದರಿಂದ ಕದಲಲಿಲ್ಲ. “ಪಾಯ್ಸ ಅವ್ನು ಚೆನ್ನಾಗೇ ಬಡಿಸ್ದ ಕಣ್ಲಾ. ಸಾಲು ತಪ್ದ ಅಷ್ಟೆ” ಎಂದ.

ನಾನು ಮೇಷ್ಟ್ರಾದದ್ದೂ ಇದೇ ಶಾಸ್ತ್ರದ ಪ್ರಕಾರ. ಹತ್ತನೇ ತರಗತಿ ಮುಗಿದಾಗ ಮುಂದೇನು ಎಂದು ನಮ್ಮಪ್ಪ ಕೇಳಿದ್ದಕ್ಕೆ ಮಾವ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, “ಇವ್ನ ಕೈಲಿ ಗೇಯಕ್ಕಾಗಕಿಲ್ಲ ಭಾವ, ಮೇಷ್ಟ್ರು ಮಾಡಿ” ಎಂದ. ನನ್ನ ವೃತ್ತಿ ಮಾರ್ಗದರ್ಶನ ಅಲ್ಲಿಗೆ ಆರಂಭವಾಗಿ ಅಲ್ಲೇ ಮುಕ್ತಾಯವಾಯಿತು.

ಇಂಥ ನನ್ನನ್ನೇ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ಮಾಡುವ ಕೆಲಸಕ್ಕೆ ಹಾಕಿದರು ಎಂದರೆ ನಿಮಗೆ ನಗು ಬರಬಹುದು. ನನಗೂ ಬಂತು. ನಮ್ಮ ಶಾಲೆ ಕವಲಂದೆಯ ಕಡೆಯದು. ಗಣಿತದವರಿಗೆ ಸ್ಪೆಷಲ್ ಕ್ಲಾಸು, ವಿಜ್ಞಾನದವರಿಗೆ ವಸ್ತುಪ್ರದರ್ಶನ, ಇಂಗ್ಲಿಷಿನವರಿಗೆ ಸದಾ ತಲೆನೋವು. “ಸಮಾಜದ ಮೇಷ್ಟ್ರು ಹೆಂಗೂ ಬಿಡುವಾಗಿದಾರೆ” ಎಂದು ಹೆಡ್ ಮಾಸ್ಟರು ನನ್ನ ಹೆಸರು ಬರೆದು ಮೈಸೂರಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಒಳ್ಳೆಯ ಉಪ್ಪಿಟ್ಟು ಕೊಟ್ಟರು. ಪ್ರತಿ ಮಗುವಿನೊಳಗೂ ಒಂದು ಶಕ್ತಿ ಇರುತ್ತದೆ, ಅದನ್ನು ಗುರುತಿಸಿ, ಅದಕ್ಕೆ ತಕ್ಕ ದಾರಿ ತೋರಿಸಿ ಎಂದರು. ಗುರುತಿಸುವುದು ಹೇಗೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಟ್ಟು ಪ್ರಶ್ನೆಪತ್ರಿಕೆ ಕೊಟ್ಟು ಬಸ್ಸು ಹತ್ತಿಸಿದರು.

ಮಕ್ಕಳಿಗೆ ಕೊಡುವ ಮೊದಲು ನಾನೇ ಕದ್ದು ಆ ಪರೀಕ್ಷೆ ಬರೆದೆ. ನಾನು ಕಾಡಿನಲ್ಲಿ, ವನ್ಯಪ್ರಾಣಿಗಳ ನಡುವೆ ಕೆಲಸ ಮಾಡಲು ಅತ್ಯಂತ ಸೂಕ್ತ ವ್ಯಕ್ತಿ ಎಂದು ಫಲಿತಾಂಶ ಬಂತು. ಬಚ್ಚಲಿನಲ್ಲಿ ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುವ ಮನುಷ್ಯ ನಾನು. ಆ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಏನೂ ಆಗದವನಂತೆ ತರಗತಿಗೆ ಹೋಗಿ ಉಳಿದದ್ದನ್ನು ಹಂಚಿದೆ.

‘ಬಿಡುವಿನ ವೇಳೆಯಲ್ಲಿ ನೀವು ಏನು ಮಾಡುತ್ತೀರಿ?’ ಎನ್ನುವುದು ಮೊದಲ ಪ್ರಶ್ನೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, “ದನ ಮೇಯಿಸ್ತೀನಿ ಅಂತ ಬರೀಬೋದಾ ಸಾ?” ಎಂದ.

“ಅದು ಕೆಲಸ ಕಣೋ. ಬಿಡುವಿನಲ್ಲಿ ಏನು ಮಾಡ್ತೀಯ ಅಂತ ಕೇಳಿದಾರೆ.”

“ದನ ಮೇಯ್ತವೆ ಸಾ. ನಾನು ಬಿಡುವಾಗೇ ಇರ್ತೀನಿ.”

ಆ ಹುಡುಗನ ಶಕ್ತಿ ಏನೆಂದು ನನಗೆ ಅಲ್ಲೇ ಗೊತ್ತಾಯಿತು. ಮುಂದೆ ಎಂಥ ಕಚೇರಿಗೆ ಬೇಕಾದರೂ ಅವನು ಹೊಂದಿಕೊಳ್ಳುತ್ತಾನೆ.

ನನಗೆ ಬಗೆಹರಿಯದೆ ಉಳಿದವಳು ಒಬ್ಬಳೇ, ಪೂರ್ಣಿಮ. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ. ಪ್ರಶ್ನೆಪತ್ರಿಕೆಯ ಪ್ರಕಾರ ಎಲ್ಲದಕ್ಕೂ ಸಮನಾಗಿ ಸೂಕ್ತ. ಯಾವುದಕ್ಕೂ ಸೂಕ್ತನಲ್ಲದವನಿಗೆ ದಾರಿ ಹೇಳುವುದು ಸುಲಭ, ಎಲ್ಲದಕ್ಕೂ ಸೂಕ್ತಳಾದವಳಿಗೆ ಏನು ಹೇಳುವುದು? ಕರೆದು ಕೇಳಿದೆ, “ನಿನಗೆ ಏನಿಷ್ಟವ್ವ?”

“ನೀವೇಳ್ದಂಗೆ ಸಾ.”

“ನಾನು ಹೇಳೋದು ಇರಲಿ. ನಿನ್ನ ಮನಸ್ಸಲ್ಲಿ ಏನಿದೆ?”

“ಅಪ್ಪ ಏಳ್ದಂಗೆ ಸಾ.”

ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ಪಾಠದ ಮಧ್ಯೆ ಅನುಮಾನವನ್ನೂ ಕೇಳಿದವಳಲ್ಲ. ನಾನು ಹೊಯ್ಸಳರನ್ನು ಯುದ್ಧಕ್ಕೆ ಹೊರಡಿಸಿದಾಗೆಲ್ಲ ತಲೆ ಎತ್ತಿ, ಕಟಕಟ ಎನ್ನುತ್ತ ತಿರುಗುವ ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದಳು. ನನ್ನ ಪಾಠ ಕೇಳಿ ದೇವರನ್ನು ನೆನೆಯುತ್ತಿದ್ದಾಳೆ ಎಂದುಕೊಂಡಿದ್ದೆ.

ಅವಳ ಅಪ್ಪ ಮಾದೇವಸ್ವಾಮಿ ನಮಗೆ ದೂರದ ನೆಂಟನೂ ಹೌದು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಯಂತ್ರ ನಿಂತರೆ ಬಿಚ್ಚಿ ನೋಡಿ ಓಡಿಸುವುದು ಅವನ ಕೆಲಸ. ನನಗಿಂತ ಚಿಕ್ಕವನು, ನೆಂಟಸ್ತಿಕೆ ಇದ್ದರೂ ನನ್ನನ್ನು ‘ಸಾ’ ಎಂದೇ ಕರೆಯುತ್ತಾನೆ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನವೇ ಅವನು ನಿರ್ಧಾರ ಮಾಡಿಯಾಗಿತ್ತು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದಬೇಕು, ಆಮೇಲೆ ಡಾಕ್ಟರಾಗಬೇಕು. ಕಾಲೇಜಿನಲ್ಲಿ ಮಾತಾಡಿ ಸೀಟು ಹಿಡಿದಿಟ್ಟಿದ್ದ. ನರಸೀಪುರದ ಮದುವೆಯ ಮರುದಿನ ಸೋಮವಾರ ಬಂದು ಟಿ.ಸಿ. ಒಯ್ದು ಸೇರಿಸುವುದೊಂದೇ ಬಾಕಿ. ಒಳ್ಳೆಯದೇ ಅಲ್ಲವೇ, ನನ್ನ ಕೆಲಸ ತಪ್ಪಿತು ಎಂದು ನಾನೂ ಸುಮ್ಮನಾದೆ. ಆದರೂ ಡಾಕ್ಟರ್ ಎಂದಾಗ ಆ ಹುಡುಗಿಯ ಮುಖದಲ್ಲಿ ಏನೂ ಆಗಲಿಲ್ಲವಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು. ಸಂತೋಷವೂ ಇಲ್ಲ, ಬೇಜಾರೂ ಇಲ್ಲ. ಬಸ್ಸು ತಡ ಎಂದರೂ ಆ ಮುಖ ಹಾಗೇ ಇರುತ್ತಿತ್ತು.

ಮದುವೆ ಗುರುಮಲ್ಲಪ್ಪ ಮಾವನ ಮೊಮ್ಮಗಳದು, ನರಸೀಪುರದಲ್ಲಿ, ಹೊಳೆಯ ಕಡೆಯ ಕಲ್ಯಾಣಮಂಟಪದಲ್ಲಿ. ಈಗ ಎಲ್ಲ ಕಡೆಯೂ ಆಗಿರುವಂತೆ ಅಡುಗೆ, ಬಡಿಸುವುದು ಎಲ್ಲವೂ ಕಂಟ್ರಾಕ್ಟು. ತಲೆಗೆ ಟೋಪಿ, ಕೈಗೆ ಗ್ಲೌಸು ಹಾಕಿದ ಹುಡುಗರು ಬಂದಿದ್ದರು. ಮಾವನ ಸಾಮ್ರಾಜ್ಯ ಕೈಬಿಟ್ಟು ಹೋಗಿತ್ತು. ಅವರ ಮೇಸ್ತ್ರಿಯ ಜೊತೆ ಬೆಳಿಗ್ಗೆಯಿಂದ ಜಗಳವಾಡಿ ಒಂದು ಇಲಾಖೆಯನ್ನು ಮಾತ್ರ ಉಳಿಸಿಕೊಂಡಿದ್ದ. “ಮಿಕ್ಕಿದ್ದು ಏನಾರ ಮಾಡ್ಕಳಿ. ಉಪ್ಪು ಮಾತ್ರ ನಮ್ಮೋರೇ ಬಡಿಸ್ಬೇಕು. ಲೋ ನಾಗ, ಬಾ ಇಲ್ಲಿ!” ಮನೆಯಿಂದ ತಂದಿದ್ದ ಬಟ್ಟಲು ನನ್ನ ಕೈಗೆ ಬಂತು. ಇಡೀ ಮಂಟಪದಲ್ಲಿ ಕೆಲಸ ಕಳೆದುಕೊಳ್ಳದ ನೆಂಟ ನಾನೊಬ್ಬನೇ ಎಂದು ಸ್ವಲ್ಪ ಜಂಬವೂ ಆಯಿತು.

ಉಪ್ಪು ಬಡಿಸುವವನ ಬಗ್ಗೆ ನಾನೊಂದು ತತ್ವವನ್ನೇ ಕಟ್ಟಿಕೊಂಡಿದ್ದೇನೆ, ಕೇಳಿ. ಪಂಕ್ತಿಯಲ್ಲಿ ಅನ್ನ ಬೇಕಾದವನು ಕೂಗುತ್ತಾನೆ, ಸಾರು ಬೇಕಾದವನು ಎಲೆ ತಟ್ಟುತ್ತಾನೆ. ಉಪ್ಪು ಬೇಕೆಂದು ಮಾತ್ರ ನಮ್ಮ ಕಡೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಅಡುಗೆಯಲ್ಲಿ ಉಪ್ಪಿಲ್ಲ ಎಂದಂತೆ, ಅಡುಗೆಯವನಿಗೂ ಮನೆಯವರಿಗೂ ಅವಮಾನ. ಸಪ್ಪೆ ಹುಳಿಯನ್ನು ಅಮೃತ ಎಂಬಂತೆ ಉಣ್ಣುತ್ತಾರೆ. ಆದ್ದರಿಂದ ಉಪ್ಪಿನವನು ಒಂದು ಸಲ ಚಿಟಿಕೆ ಹಾಕಿ ಹೋದರೆ ಸಾಲದು. ಮತ್ತೆ ಮತ್ತೆ ಸುಮ್ಮನೆ ಸಾಲಿನಲ್ಲಿ ನಡೆಯಬೇಕು, ಎಲೆ ನೋಡಬಾರದು, ಮುಖ ನೋಡಬೇಕು. ಯಾರು ತುತ್ತನ್ನು ಬಾಯಲ್ಲಿಟ್ಟು ಒಂದು ಗಳಿಗೆ ನಿಲ್ಲುತ್ತಾರೋ ಅವರ ಎಲೆಯ ತುದಿಗೆ ಮಾತಿಲ್ಲದೆ ಚಿಟಿಕೆ ಹಾಕಬೇಕು. ಇದರಲ್ಲಿ ನಾನು ನಿಸ್ಸೀಮ. ಪಾಠ ಮಾಡುವಾಗಲೂ ನನಗೆ ಪುಸ್ತಕಕ್ಕಿಂತ ಮುಖಗಳೇ ಕಾಣುತ್ತವೆ.

ಅವತ್ತೂ ಹಾಗೇ ಮುಖ ನೋಡುತ್ತ ಬರುತ್ತಿದ್ದೆ. ಹೆಂಗಸರ ಸಾಲಿನಲ್ಲಿ ಪೂರ್ಣಿಮ ಕೂತಿದ್ದಳು. ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು. ಹೋಳಿಗೆಯನ್ನು ಮುಟ್ಟದೆ ಕೂತ ಮಕ್ಕಳನ್ನು ನಾನು ಕಂಡಿಲ್ಲ. ಕಣ್ಣು ಎಲ್ಲಿದೆ ಎಂದು ತಿರುಗಿ ನೋಡಿದೆ. ಅಡುಗೆಮನೆಯ ತೆರೆದ ಬಾಗಿಲಾಚೆ ಕಂಟ್ರಾಕ್ಟಿನವರು ತಂದಿದ್ದ ಚಪಾತಿ ಮೆಷಿನ್ನು ಓಡುತ್ತಿತ್ತು. ಈ ಕಡೆಯಿಂದ ಹಿಟ್ಟಿನ ಉಂಡೆ ಹೋಗಿ, ಒತ್ತಿಸಿಕೊಂಡು, ಉದ್ದನೆಯ ಬೆಲ್ಟಿನ ಮೇಲೆ ಮೆರವಣಿಗೆ ಹೊರಟು ಆ ಕಡೆ ಬೇಯಲು ಹೋಗುವ ಯಂತ್ರ. ಆದರೆ ಬೆಲ್ಟು ಒಂದು ಪಕ್ಕಕ್ಕೆ ಸರಿದು ಸರಿದು, ಚಪಾತಿಗಳು ಅಂಚಿನಿಂದ ನೆಲಕ್ಕೆ ಬೀಳುತ್ತಿದ್ದವು. ಟೋಪಿಯ ಹುಡುಗನೊಬ್ಬ ಬೆಲ್ಟನ್ನು ಕೋಲಿನಿಂದ ಒಳಕ್ಕೆ ನೂಕುತ್ತ ಬೆವರುತ್ತಿದ್ದ.

ನೋಡುತ್ತಿದ್ದಂತೆಯೇ ಆ ಹುಡುಗಿ ಎದ್ದಳು. ಪಂಕ್ತಿಯ ನಡುವೆ, ಎಲೆಯನ್ನು ಬಿಟ್ಟು! ನಮ್ಮಲ್ಲಿ ಮನೆಗೆ ಬೆಂಕಿ ಬಿದ್ದರೂ ಮಜ್ಜಿಗೆ ಮುಗಿಯುವವರೆಗೆ ಏಳುವುದಿಲ್ಲ.

“ಎಲೆ ಬುಟ್ಟು ಎದ್ದ ಎಣ್ಣುಮಗ ಯಾರ್ಲಾ ಅದು?” ಬಾಗಿಲಿಂದ ಮಾವನ ಗುಡುಗು. ಗಂಡಸರ ಸಾಲಿನಲ್ಲಿದ್ದ ಮಾದೇವಸ್ವಾಮಿ ತಲೆ ಎತ್ತಿದ. ಅವನ ಮುಖ ಕೆಂಪಾಯಿತು. ಅವನೂ ಎದ್ದ. ಹಾಗೆ ಒಂದೇ ಪಂಕ್ತಿಯಲ್ಲಿ ಎರಡು ಎಲೆ ಅನಾಥವಾದವು. ನಾನು ಬಟ್ಟಲು ಹಿಡಿದೇ ಅವರ ಹಿಂದೆ ಓಡಿದೆ.

ಒಳಗೆ ಹೋದಾಗ ಪೂರ್ಣಿಮ ನೆಲಕ್ಕೆ ಬಗ್ಗಿ ಯಂತ್ರದ ಅಡಿಗೆ ಕಣ್ಣು ಹಾಕಿದ್ದಳು. “ಮೊದ್ಲು ಸ್ವಿಚ್ ಆಫ್ ಮಾಡಿ ಅಣ್ಣ” ಎಂದು ಆ ಹುಡುಗನಿಗೆ ಹೇಳುತ್ತಿದ್ದಳು. ಬೈಯಲು ಬಾಯಿ ತೆರೆದಿದ್ದ ಮಾದೇವಸ್ವಾಮಿ ಆ ಮಾತು ಕೇಳಿ ಒಂದು ಕ್ಷಣ ನಿಂತ.

“ರೋಲರ್ರಿಂದೇ ಇದು” ಎಂದಳು ಅವಳು, ಯಾರಿಗೋ.

ಅಪ್ಪ ಬೈಗುಳ ಮರೆತ. “ರೋಲರ್ ಅಲ್ಲ ಕಣವ್ವ. ಟೆನ್ಶನ್ ಬೋಲ್ಟು ಒಂದ್ ಕಡೆ ಸಡ್ಲ ಆಗದೆ. ಬಿಗಿ ಮಾಡುದ್ರೆ ಸರಿಯಾಯ್ತದೆ.”

“ಬೋಲ್ಟು ಎರಡೂ ಕಡೆ ಒಂದೇ ಸಮ ಅದೆ ಅಪ್ಪ, ನೋಡು.”

“ಅಂಗಾದ್ರೆ ಬೇರಿಂಗ್ ಓಗದೆ.”

“ಬೇರಿಂಗ್ ಓಗಿದ್ರೆ ಸದ್ದು ಬರ್ತಿರ್ಲಿಲ್ವಾ? ನೀನೇ ಏಳಿದ್ದೆ, ಬೇರಿಂಗ್ ಸಾಯೋಕ್ ಮುಂಚೆ ಅಳ್ತದೆ ಅಂತ.”

ಒಂದು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಒಟ್ಟು ಮಾತಿಗಿಂತ ಇದು ಹೆಚ್ಚಾಗಿತ್ತು. ಆಮೇಲೆ ತಿಳಿಯಿತು. ಸಂಜೆ ಊಟಕ್ಕೆ ಕೂತಾಗ ಮಾದೇವಸ್ವಾಮಿ ಕಾರ್ಖಾನೆಯ ಯಂತ್ರಗಳ ರಂಪವನ್ನೆಲ್ಲ ಹೆಂಡತಿಗೆ ಹೇಳುವುದು ವಾಡಿಕೆಯಂತೆ. ಹೆಂಡತಿ ಹೂಂ ಎಂದು ಟಿ.ವಿ. ನೋಡುತ್ತಿದ್ದಳು. ಕೇಳಿಸಿಕೊಂಡವಳು ಮುದ್ದೆ ಬಡಿಸುತ್ತಿದ್ದ ಮಗಳು.

ಪೂರ್ಣಿಮ ಅಲ್ಲೇ ಇದ್ದ ಚಮಚ ತೆಗೆದುಕೊಂಡು ರೋಲರಿನ ಒಂದು ತುದಿಯನ್ನು ಕೆರೆದಳು. ಗಟ್ಟಿಯಾದ ಹಿಟ್ಟು ಚಕ್ಕೆಚಕ್ಕೆಯಾಗಿ ಉದುರಿತು. ಒಂದು ಕಡೆ ಹಿಟ್ಟು ಮೆತ್ತಿ ಮೆತ್ತಿ ರೋಲರು ದಪ್ಪಗಾಗಿ, ಬೆಲ್ಟನ್ನು ಆ ಕಡೆಗೇ ಎಳೆಯುತ್ತಿತ್ತಂತೆ. ಸ್ವಿಚ್ ಹಾಕಿದರು. ಚಪಾತಿಗಳು ಸಭ್ಯವಾಗಿ, ಬೆಲ್ಟಿನ ನಡುಮಧ್ಯೆ ಸಾಲಾಗಿ ಹೊರಟವು.

“ಭೇಷ್!” ಎಂದ ಮಾದೇವಸ್ವಾಮಿ, ಅಡುಗೆಮನೆಯೆಲ್ಲ ಕೇಳುವ ಹಾಗೆ. ಆ ಮುಖವನ್ನು ನೀವು ನೋಡಬೇಕಿತ್ತು. ಮಗಳು ಶಾಲೆಗೆ ಮೊದಲು ಬಂದಾಗಲೂ ಅವನು ಹಾಗೆ ಹಿಗ್ಗಿರಲಿಲ್ಲ. ಮರುಕ್ಷಣ ಅವಳ ಹೊಸ ಲಂಗದ ಮೇಲಿನ ಕಪ್ಪು ಗ್ರೀಸು ಕಣ್ಣಿಗೆ ಬಿತ್ತು. ಹಿಗ್ಗೆಲ್ಲ ಇಳಿದುಹೋಯಿತು. “ನಡಿ ಆಚೆಗೆ, ಕೈ ತೊಳ್ಕೊ” ಎಂದು ಗದರಿದ.

“ನೋಡಿದೆಯಾ ಮಾದೇವಸ್ವಾಮಿ?” ಎಂದೆ.

“ನೋಡ್ದೆ ಸಾ. ಅದ್ಕೇ ಏಳ್ತಿರೋದು. ಸೈನ್ಸೇ ಸರಿ.”

ಮಗಳು ಹಿಂದಿರುಗಿ ಒಮ್ಮೆ ಯಂತ್ರ ನೋಡಿ, ಹೋಗಿ ಎಲೆಯ ಮುಂದೆ ಕೂತಳು. ನನಗೆ ನಿಜಕ್ಕೂ ಸಂಕಟವಾಯಿತು. ಆ ಗಡಿಬಿಡಿಯಲ್ಲಿ ಬಟ್ಟಲು ನನ್ನ ಚೀಲ ಸೇರಿದ್ದು.

ಮರುದಿನ ಬೆಳಿಗ್ಗೆ ಟಿ.ಸಿ.ಗೆಂದು ಅಪ್ಪ ಮಗಳು ಶಾಲೆಗೆ ಬಂದರು. ಹೆಡ್ ಮಾಸ್ಟರು ರಜೆಯಲ್ಲಿದ್ದದ್ದರಿಂದ ಕುರ್ಚಿಯಲ್ಲಿ ನಾನಿದ್ದೆ. ಟಿ.ಸಿ. ಬರೆದಿಟ್ಟಿದ್ದೆ, ಸಹಿ ಮಾಡಿರಲಿಲ್ಲ. ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿ, “ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಅಂತ ಇದೆ ಮಾದೇವಸ್ವಾಮಿ. ಅರ್ಜಿ ಹಾಕೋಕೆ ಇನ್ನೂ ಸಮಯ ಇದೆ. ಆಮೇಲೆ ಬೇಕಾದರೆ ಇಂಜಿನಿಯರಿಂಗೂ ಓದಬಹುದು” ಎಂದೆ.

“ನಿಮ್ಮಗಳಾಗಿದ್ರೆ ಕಳುಸ್ತಿದ್ರಾ ಸಾ?”

“ನನ್ನ ಮಗಳಿಗೆ ನಟ್ಟು ಯಾವುದು, ಬೋಲ್ಟು ಯಾವುದು ಗೊತ್ತಿಲ್ಲಪ್ಪ. ಗೊತ್ತಿದ್ದಿದ್ದರೆ ಕಳಿಸ್ತಿದ್ದೆ.”

ಅವನು ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿ ಇಟ್ಟ. ಉಗುರಿನ ಅಂಚೆಲ್ಲ ಕಪ್ಪು. “ನೋಡಿ ಸಾ. ಎಷ್ಟು ಸೋಪಾಕಿ ಉಜ್ಜುದ್ರೂ ಓಗಕಿಲ್ಲ. ಈ ಕೈಲಿ ಉಣ್ಣೋಕೂ ನಾಚ್ಕೆ ಆಯ್ತದೆ ಒಂದೊಂದ್ಸಲ. ನನ್ ಮಗಳ ಕೈ ಇಂಗಾಗ್ಬೇಕಾ? ಅವ್ಳು ಬೆಳ್ಳಗಿರೋ ಕೋಟಾಕ್ಕೊಂಡು ಓಡಾಡ್ಬೇಕು ಸಾ. ಅಷ್ಟೇ ನನ್ನಾಸೆ.”

ಅಪ್ಪನ ಆಸೆಯಲ್ಲಿ ತಪ್ಪೇನಿದೆ? ನಾನು ಪೆನ್ನು ತೆಗೆದುಕೊಂಡೆ. ಹುಡುಗಿಯ ಮುಖ ನೋಡಿದೆ. ಅದೇ ಮುಖ, ಬಸ್ಸು ತಡ ಎಂದಾಗಿನ ಮುಖ. ಆದರೆ ಕಣ್ಣು ಮಾತ್ರ ಅಪ್ಪನ ಕೈಯ ಮೇಲಿತ್ತು. ಇವಳ ಎಲೆಗೆ ಏನು ಬೇಕೋ ಅದು ನನ್ನ ಬಟ್ಟಲಿನಲ್ಲಿ ಇಲ್ಲವಲ್ಲ ಎಂದುಕೊಂಡೆ.

“ಅಪ್ಪ” ಎಂದಳು ಪೂರ್ಣಿಮ.

ಇಬ್ಬರೂ ತಿರುಗಿದೆವು.

“ನಿಂಗೆ ಆ ಕೆಲ್ಸ ಇಷ್ಟ ಇಲ್ವಾ ಅಪ್ಪ?”

ಮಾದೇವಸ್ವಾಮಿ ಕೈಯನ್ನು ಮೇಜಿನಿಂದ ಎತ್ತಿಕೊಂಡು ಉಗುರುಗಳನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿದ. ಹೊರಗೆ ಯಾರೋ ಹುಡುಗರು ಬೋರ್‌ವೆಲ್ಲಿನ ನಲ್ಲಿಯ ಹತ್ತಿರ ಕಿತ್ತಾಡುತ್ತಿದ್ದರು. ನಾನು ಗದರಲಿಲ್ಲ.

“ಇಷ್ಟ ಇಲ್ದೆ ಇಷ್ಟ್ ವರ್ಸ ಮಾಡಕಾಯ್ತದಾ ಮಗ?” ಎಂದ ಕೊನೆಗೆ, ಬಹಳ ಮೆಲ್ಲಗೆ. “ನಿಂತೋಗಿರೋ ಮೆಷಿನ್ನು ಓಡಕ್ಕೆ ಶುರುವಾದಾಗ ಬರೋ ಸದ್ದು ಅದೆಯಲ್ಲ, ಅದ್ನ ಕೇಳಕ್ಕೇ ಓಗೋದು ನಾನು.”

“ನಂಗೂ ಅದೇ ಬೇಕು ಅಪ್ಪ” ಎಂದಳು.

ಅವನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ನನಗೂ ಕನ್ನಡಕದಲ್ಲಿ ಏನೋ ಧೂಳು. ಆಮೇಲೆ ಅವನು ಎದ್ದು ನಿಂತು, ಎಲ್ಲ ತಪ್ಪೂ ನನ್ನದೇ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿ, “ಆ ಡಿಪ್ಲೊಮಾ ಅರ್ಜಿ ಎಲ್ ಸಿಕ್ತದೆ ಏಳಿ ಸಾ. ಆದ್ರೆ ಅವ್ಳಿಗೂ ಗ್ಲೌಸ್ ಕೊಡ್ತಾರಾ ಕೇಳ್ಬೇಕು ಮೊದ್ಲು” ಎಂದ.

ಇಷ್ಟೂ ನೆನಪಾದದ್ದು ಆ ಬಟ್ಟಲಿನಿಂದ. ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿಸಲು ಹದಿನಾರಿಗೆ ಹೋದೆ. ಮಾವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಇಷ್ಟು ವರ್ಷ ಕೇಳದೆ ಇದ್ದ ಪ್ರಶ್ನೆಯನ್ನು ಕೇಳಿಬಿಡೋಣ ಎನ್ನಿಸಿತು. ಉತ್ತರ ನನಗೆ ಗೊತ್ತೇ ಇತ್ತು. ಆದರೂ ಅವನ ಬಾಯಿಂದ ಕೇಳುವ ಆಸೆ.

“ಮಾವ, ನನ್ನ ಯಾಕೆ ಯಾವಾಗಲೂ ಉಪ್ಪಿಗೇ ಹಾಕ್ತಿದ್ದೆ? ಮುಖ ನೋಡಿ ಬಡಿಸ್ತಾನೆ, ಕೇಳದೆ ಇರೋರಿಗೂ ಏನು ಬೇಕು ಅಂತ ಇವನಿಗೆ ಗೊತ್ತಾಗುತ್ತೆ ಅಂತ ತಾನೇ?”

ಮಾವ ಚಾಚಿದ ಕಾಲನ್ನು ಮಡಚಿಕೊಂಡ.

“ನಿನ್ ಕೈ ನಡುಗ್ತದೆ ಕಣ್ಲಾ. ಎಂಟತ್ತು ವರ್ಸದವನಾಗಿದ್ದಾಗ ಒಂದ್ಸಲ ಸಾರು ಕೊಟ್ಟಿದ್ದಕ್ಕೆ ಬೀಗರ ಪಂಚೆ ಮೇಲೆ ಸುರ್ದೆ. ಉಪ್ಪಾದ್ರೆ ಚೆಲ್ಲುದ್ರೂ ಯಾರೂ ಸುಟ್ಕಳಕಿಲ್ಲ ಅಂತ ಕೊಟ್ಟೆ.”

ನನ್ನ ತತ್ವ ಅಲ್ಲೇ ಜಗಲಿಯಿಂದ ಕೆಳಗೆ ಬಿತ್ತು. ಮಾವ ಬಟ್ಟಲನ್ನು ವಾಪಸ್ಸು ನನ್ನ ಕೈಗೇ ತುರುಕಿ, “ಮಡೀಕೊ. ನಾಳೆ ಸೋಮವಾರ ಮಾದೇವಸ್ವಾಮಿ ಮನೇಲಿ ಪರ ಅದೆಯಲ್ಲ, ಅಲ್ಲಿಗೆ ತಕ್ಕೊಂಡ್ ಬಾ” ಎಂದ.

ಪರ ಎಂದರೆ ಮಾದಪ್ಪನ ಹೆಸರಿನಲ್ಲಿ ಹರಕೆ ತೀರಿಸಿ ನೆಂಟರಿಗೆ, ಊರಿಗೆ ಊಟ ಹಾಕುವುದು. ಮಗಳಿಗೆ ಸೀಟು ಸಿಕ್ಕಿದರೆ ಮಾಡುತ್ತೇನೆಂದು ಮಾದೇವಸ್ವಾಮಿ ಹೇಳಿಕೊಂಡಿದ್ದನಂತೆ. ಯಾವ ಸೀಟು ಎಂದು ಮಾದಪ್ಪನಿಗೆ ಆಗ ಹೇಳಿದ್ದು ಬೇರೆ, ಈಗ ಸಿಕ್ಕಿದ್ದು ಬೇರೆ. ದೇವರು ಅಷ್ಟೆಲ್ಲ ತಕರಾರು ತೆಗೆಯಲಿಲ್ಲ.

ಪಂಕ್ತಿ ಶುರುವಾಗುವಾಗ ನಾನು ಪಂಚೆ ಬಿಗಿದು ಬಟ್ಟಲು ಹಿಡಿದು ನಿಂತೆ. ಪೂರ್ಣಿಮ ಪಾಲಿಟೆಕ್ನಿಕ್ಕಿನ ಹಾಸ್ಟೆಲಿನಿಂದ ಬಂದಿದ್ದಳು. ಹತ್ತಿರ ಬಂದು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡಳು. “ನೀವ್ ಕುಂತ್ಕಳಿ ಸಾ. ನಾನ್ ಬಡುಸ್ತೀನಿ.” ಅವಳ ಉಗುರಿನ ಅಂಚಿನಲ್ಲಿ ಆಗಲೇ ಸಣ್ಣ ಕಪ್ಪು ಗೆರೆ ಕೂತಿತ್ತು. ಹೀಗೆ ನಾನು ನೆಂಟರ ಮನೆಯ ಮೊದಲ ಪಂಕ್ತಿಯಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಕೂತೆ. ಪಕ್ಕದಲ್ಲಿ ಗುರುಮಲ್ಲಪ್ಪ ಮಾವ.

ಅಡುಗೆ ಮಾದೇವಸ್ವಾಮಿಯದೇ. ಹಿತ್ತಲಲ್ಲಿ ಸೌದೆ ಒಲೆ ಹೂಡಿ, ಕೊಪ್ಪರಿಗೆಯ ಮುಂದೆ ನಿಂತು ತಾನೇ ಹುಳಿ ಮಾಡಿದ್ದ. ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪಿಲ್ಲ. ಕಡಿಮೆ ಎಂದಲ್ಲ, ಇಲ್ಲವೇ ಇಲ್ಲ. ಎಲೆಯ ತುದಿಯ ಚಿಟಿಕೆ ಪಲ್ಯದ ಜೊತೆಗೇ ಮುಗಿದಿತ್ತು. ಆಚೀಚೆ ನೋಡಿದೆ. ಇಡೀ ಸಾಲು ತಲೆ ತಗ್ಗಿಸಿ, ಬಲು ಭಕ್ತಿಯಿಂದ ಸಪ್ಪೆ ಹುಳಿ ಉಣ್ಣುತ್ತಿತ್ತು. ಮಾವ ಕೂಡ. ನಾನೂ ತಲೆ ತಗ್ಗಿಸಿದೆ.

ಎಲೆಯ ಮುಂದೆ ಎರಡು ಕಾಲು ಬಂದು ನಿಂತವು. ಪೂರ್ಣಿಮ ನನ್ನ ಮುಖವನ್ನೇ ನೋಡುತ್ತಿದ್ದಳು. ಬಟ್ಟಲು ಕೈಯಲ್ಲಿತ್ತು, ಆದರೆ ಹಾಕಲಿಲ್ಲ.

“ಉಪ್ಪು ಬೇಕಾ ಸಾ?”

ಸುಮ್ಮನೆ ಅಡ್ಡಡ್ಡ ತಲೆ ಆಡಿಸಿದೆ, ಮರ್ಯಾದೆಗೆ.

ಅವಳು ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, “ಬೇಕು ಅಂದ್ರೆ ಕೇಳ್ಬೇಕು ಸಾ. ನಾನು ಕೇಳ್ಳಿಲ್ವಾ ಅವತ್ತು?” ಎಂದಳು.

ಒಮ್ಮೆ ಕೆಮ್ಮಿ, ಈ ವಯಸ್ಸಿನಲ್ಲಿ ಮೊದಲ ಸಲ, ಪಂಕ್ತಿಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ, “ಉಪ್ಪು ಹಾಕವ್ವ” ಎಂದೆ.

ಒಂದು ಗಳಿಗೆ ಎಲ್ಲ ಕೈಗಳೂ ಎಲೆಯ ಮೇಲೇ ನಿಂತವು. ಆಮೇಲೆ ಪಕ್ಕದಿಂದ ಮಾವ, “ನಂಗೂ ವಸಿ” ಎಂದ. ಎದುರು ಸಾಲಿನಿಂದ ಯಾರೋ, “ಇತ್ಲಾಗೂ ಬಾ ಮಗ” ಎಂದರು. ಇನ್ನೊಬ್ಬರು, “ಇತ್ಲಾಗೂ” ಎಂದರು. ನೋಡನೋಡುತ್ತ ಇಡೀ ಪಂಕ್ತಿ ಉಪ್ಪು, ಉಪ್ಪು ಎನ್ನತೊಡಗಿತು.

ಹಿತ್ತಲ ಬಾಗಿಲಲ್ಲಿ ಸೌಟು ಹಿಡಿದ ಮಾದೇವಸ್ವಾಮಿ ಕಾಣಿಸಿಕೊಂಡ. “ಯಾರದು ಮೊದ್ಲು ಉಪ್ಪು ಕೇಳಿದ್ದು?”

ಎಲ್ಲರೂ ನನ್ನ ಕಡೆ ಕೈ ತೋರಿಸಿದರು.